ಲಾಭಾಂಶದ ಇಳುವರಿ ತಪ್ಪಾಗಿ ಕಂಡಾಗ: ದೋಷ ಹುಡುಕುವ ಕ್ರಮ

ಷೇರಿನ ವಿವರ ತೋರಿಸುವ ಪರದೆಯಲ್ಲಿ ಲಾಭಾಂಶದ ಇಳುವರಿ ಶೇ. 13.6 ಎಂದಿರುತ್ತದೆ. ಅದೇ ಷೇರಿಗಾಗಿ ಬ್ಯಾಂಕ್ ಖಾತೆಗೆ ಜಮೆಯಾದ ಮೊತ್ತ ಹಿಡಿದು ಲೆಕ್ಕ ಹಾಕಿದರೆ ಶೇ. 2.7 ಮಾತ್ರ ಬರುತ್ತದೆ. ಎರಡರಲ್ಲೊಂದು ಶುದ್ಧ ಸುಳ್ಳೆಂದು ತೀರ್ಮಾನಿಸುವುದು ಸುಲಭ. ಆದರೆ ಹೆಚ್ಚಿನ ಸಲ ತಪ್ಪು ಅಂಕಿಯೂ ನಿಜವಾದ ಸಂಖ್ಯೆಗಳಿಂದಲೇ ಹುಟ್ಟಿರುತ್ತದೆ. ಒಂದಕ್ಕೊಂದು ಸೇರದ ಎರಡು ನಿಜಗಳನ್ನು ತಂದು ಭಾಗಾಕಾರ ಮಾಡಿದ್ದೇ ಅಲ್ಲಿನ ದೋಷ. ಹೀಗಾಗಿ ಪರದೆಯನ್ನು ಬೈಯುತ್ತ ಕೂರುವುದಕ್ಕಿಂತ, ಆ ಅಂಕಿ ಯಾವ ದಾರಿಯಲ್ಲಿ ಬಂತೆಂದು ಹಿಂದೆ ನಡೆದು ನೋಡುವುದು ಪ್ರಯೋಜನಕಾರಿ.

ಇಳುವರಿ ಎಂಬುದು ಒಂದು ಭಿನ್ನರಾಶಿ. ಒಂದು ಷೇರಿಗೆ ಹನ್ನೆರಡು ತಿಂಗಳಲ್ಲಿ ದೊರೆತ ಲಾಭಾಂಶ ಅದರ ಅಂಶ, ಒಂದು ಷೇರಿನ ಮಾರುಕಟ್ಟೆ ಬೆಲೆ ಅದರ ಛೇದ. ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾವಾರು ಬರುತ್ತದೆ. ಇಷ್ಟು ಸರಳವಾದ ಲೆಕ್ಕ ಕೆಡುವುದು ಮೂರು ಪ್ರಶ್ನೆಗಳಿಗೆ ಉತ್ತರ ಅಸ್ಪಷ್ಟವಾಗಿ ಉಳಿದಾಗ: ‘ಒಂದು ಷೇರು’ ಎಂದರೆ ಯಾವ ದಿನದ ಷೇರು, ‘ಹನ್ನೆರಡು ತಿಂಗಳು’ ಎಂದರೆ ಎಲ್ಲಿಂದ ಎಲ್ಲಿಯವರೆಗೆ, ಮತ್ತು ‘ಬೆಲೆ’ ಎಂದರೆ ಯಾವ ಬೆಲೆ.

ಮೊದಲ ಪರೀಕ್ಷೆ

ಯಾವ ಕಾರಣವನ್ನೂ ಊಹಿಸುವ ಮುನ್ನ ಒಂದು ಹಾಳೆಯ ಮೇಲೆ ಆ ಷೇರಿನ ಲಾಭಾಂಶದ ಇತಿಹಾಸವನ್ನು ನೀವೇ ಬರೆದುಕೊಳ್ಳಬೇಕು. ಮುಂಬೈ ಷೇರುಪೇಟೆ ಮತ್ತು ರಾಷ್ಟ್ರೀಯ ಷೇರುಪೇಟೆಯ ತಾಣಗಳಲ್ಲಿ ಪ್ರತಿ ಕಂಪನಿಗೂ ಲಾಭಾಂಶ, ಬೋನಸ್ (ಇದ್ದ ಷೇರುಗಳ ಮೇಲೆ ಹಣ ಪಡೆಯದೆ ಕೊಡುವ ಹೆಚ್ಚುವರಿ ಷೇರು), ಷೇರು ವಿಭಜನೆ (ಒಂದು ಷೇರನ್ನು ಹಲವಾಗಿ ಒಡೆಯುವುದು) ಇವುಗಳ ದಾಖಲೆಯ ಪುಟವಿರುತ್ತದೆ. ಕಂಪನಿಯ ವಾರ್ಷಿಕ ವರದಿಯಲ್ಲಿಯೂ ಷೇರುದಾರರಿಗೆ ಸಂಬಂಧಿಸಿದ ಮಾಹಿತಿಯ ಭಾಗದಲ್ಲಿ ಈ ವಿವರ ಸಿಗುತ್ತದೆ. ಪ್ರತಿ ಪಾವತಿಗೂ ನಾಲ್ಕು ಸಂಗತಿಗಳು ಬೇಕು: ಎಕ್ಸ್ ಡೇಟ್ (ಆ ದಿನ ಅಥವಾ ಅದರ ನಂತರ ಕೊಂಡವರಿಗೆ ಆ ಲಾಭಾಂಶ ಸಿಗದು), ಒಂದು ಷೇರಿಗೆ ಎಷ್ಟು ರೂಪಾಯಿ, ಅದು ಮಧ್ಯಂತರವೋ (ವರ್ಷದ ನಡುವೆ ಕೊಟ್ಟದ್ದು) ಅಂತಿಮವೋ (ವರ್ಷ ಮುಗಿದ ಮೇಲೆ ಕೊಟ್ಟದ್ದು) ವಿಶೇಷವೋ (ಅಪರೂಪಕ್ಕೆ ಹೆಚ್ಚುವರಿಯಾಗಿ ಕೊಟ್ಟದ್ದು) ಎಂಬುದು, ಮತ್ತು ಆ ದಿನ ಷೇರಿನ ಮುಖಬೆಲೆ (ಕಂಪನಿ ಷೇರಿಗೆ ಗೊತ್ತುಮಾಡಿದ ಮೂಲ ಬೆಲೆ, ಮಾರುಕಟ್ಟೆ ಬೆಲೆಯಲ್ಲ) ಎಷ್ಟಿತ್ತು ಎಂಬುದು. ಈ ನಾಲ್ಕನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮುಂದೆ ಕಾಣುವಂತೆ ಅರ್ಧಕ್ಕರ್ಧ ದೋಷಗಳು ಅಡಗಿರುವುದು ಅಲ್ಲಿಯೇ.

ಹಾಳೆ ಸಿದ್ಧವಾದ ಮೇಲೆ ನಿಮ್ಮ ಲೆಕ್ಕದ ಇಳುವರಿಯನ್ನೂ ಪರದೆಯ ಇಳುವರಿಯನ್ನೂ ಎದುರುಬದುರು ಇಟ್ಟು, ತಪ್ಪು ಯಾವ ಆಕಾರದಲ್ಲಿದೆ ಎಂದು ನೋಡಬೇಕು. ಪರದೆಯ ಅಂಕಿ ನಿಮ್ಮದರ ಎರಡು ಪಟ್ಟು, ಐದು ಪಟ್ಟು, ಎಂಟು ಪಟ್ಟು ಎಂಬಂತೆ ಪೂರ್ಣಸಂಖ್ಯೆಯ ಗುಣಕವಾಗಿದ್ದರೆ ಷೇರು ವಿಭಜನೆ ಅಥವಾ ಬೋನಸ್ ಲೆಕ್ಕಕ್ಕೆ ಸೇರಿಲ್ಲ. ಎರಡರ ನಡುವಿನ ವ್ಯತ್ಯಾಸವನ್ನು ರೂಪಾಯಿಗೆ ಪರಿವರ್ತಿಸಿದಾಗ ಅದು ಸರಿಯಾಗಿ ಒಂದು ಕಂತಿನ ಲಾಭಾಂಶಕ್ಕೆ ಸಮನಾದರೆ ಅವಧಿಯ ಗಡಿಯಲ್ಲಿ ತೊಡಕಿದೆ. ರೂಪಾಯಿಯ ಮೊತ್ತ ಎರಡೂ ಕಡೆ ಒಂದೇ ಇದ್ದು ಶೇಕಡಾವಾರು ಮಾತ್ರ ಬೇರೆಯಾದರೆ ಬೆಲೆಯನ್ನು ಶಂಕಿಸಬೇಕು. ಲೆಕ್ಕಗಳು ತಾಳೆಯಾಗಿಯೂ ಅಂಕಿ ನಂಬಲಾರದಷ್ಟು ದೊಡ್ಡದಾಗಿದ್ದರೆ ಅಲ್ಲಿ ಗಣಿತದ ದೋಷವಿಲ್ಲ, ಆ ಲಾಭಾಂಶದ ಸ್ವರೂಪವನ್ನು ಪರಿಶೀಲಿಸಬೇಕು.

ಗುಣಕದ ದೋಷ: ವಿಭಜನೆ ಮತ್ತು ಬೋನಸ್

ಆರಂಭದಲ್ಲಿ ಹೇಳಿದ ಶೇ. 13.6 ಮತ್ತು ಶೇ. 2.7ರ ನಡುವಿನ ಅನುಪಾತ ಐದು. ಇದು ಕೆನರಾ ಬ್ಯಾಂಕಿನ ಷೇರಿನಲ್ಲಿ 2024ರಲ್ಲಿ ಹುಟ್ಟಬಹುದಾಗಿದ್ದ ದೋಷ. ಬ್ಯಾಂಕಿನ ಆಡಳಿತ ಮಂಡಳಿ 2023-24ನೇ ಸಾಲಿಗೆ 10 ರೂಪಾಯಿ ಮುಖಬೆಲೆಯ ಪ್ರತಿ ಷೇರಿಗೆ 16.10 ರೂಪಾಯಿ ಲಾಭಾಂಶವನ್ನು ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಅದಾದ ಕೆಲವೇ ದಿನಗಳಲ್ಲಿ, ಮೇ 15ರಂದು, 10 ರೂಪಾಯಿ ಮುಖಬೆಲೆಯ ಒಂದು ಷೇರು 2 ರೂಪಾಯಿ ಮುಖಬೆಲೆಯ ಐದು ಷೇರುಗಳಾಯಿತು. ಲಾಭಾಂಶದ ರೆಕಾರ್ಡ್ ಡೇಟ್ (ಷೇರು ಯಾರ ಹೆಸರಿನಲ್ಲಿದೆಯೆಂದು ಕಂಪನಿ ನೋಡುವ ದಿನ) ಇದ್ದದ್ದು ಜೂನ್‌ನಲ್ಲಿ. ಹೀಗಾಗಿ ಷೇರುದಾರರ ಕೈಗೆ ಬಂದದ್ದು ಹೊಸ ಷೇರೊಂದಕ್ಕೆ 3.22 ರೂಪಾಯಿ. ಘೋಷಣೆಯ ದಿನದ 16.10ನ್ನು ಹಾಗೆಯೇ ಹಿಡಿದು, ವಿಭಜನೆಯ ನಂತರದ ಬೆಲೆಯನ್ನು 118 ರೂಪಾಯಿ ಎಂದು ಇಟ್ಟುಕೊಂಡು ಭಾಗಿಸಿದರೆ ಶೇ. 13.6 ಬರುತ್ತದೆ, 3.22ನ್ನು ಭಾಗಿಸಿದರೆ ಶೇ. 2.7. ಅಂಶ ಹಳೆಯ ಷೇರಿನದು, ಛೇದ ಹೊಸ ಷೇರಿನದು.

ಇದೇ ಬ್ಯಾಂಕಿನ ಮೂರು ವರ್ಷಗಳ ಇತಿಹಾಸವನ್ನು ರೂಪಾಯಿಯಲ್ಲಿ ಬರೆದರೆ 2022-23ಕ್ಕೆ 12, 2023-24ಕ್ಕೆ 16.10, 2024-25ಕ್ಕೆ 4 ಎಂದಾಗುತ್ತದೆ. ಇದನ್ನು ಕಂಡವರು ಲಾಭಾಂಶ ಕುಸಿದು ಬಿತ್ತೆಂದುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಮೂರನ್ನೂ ಈಗಿನ 2 ರೂಪಾಯಿ ಮುಖಬೆಲೆಯ ಷೇರಿಗೆ ಇಳಿಸಿದರೆ 2.40, 3.22, 4.00 ಎಂಬ ಏರುವ ಸಾಲು ಕಾಣುತ್ತದೆ. ಪತ್ರಿಕೆಯ ಶೀರ್ಷಿಕೆಗಳಲ್ಲಿ ಬರುವ ‘ಶೇ. 120 ಲಾಭಾಂಶ’, ‘ಶೇ. 200 ಲಾಭಾಂಶ’ ಎಂಬ ಮಾತುಗಳು ಇಲ್ಲಿ ನೆನಪಾಗುತ್ತವೆ. ಈ ಶೇಕಡಾವಾರು ಮುಖಬೆಲೆಯ ಮೇಲಿನದೇ ಹೊರತು ನೀವು ಕೊಟ್ಟ ಬೆಲೆಯ ಮೇಲಿನದಲ್ಲ, ಶೇ. 200 ಎಂದು ಓದಿ ಹಾಕಿದ ಹಣ ಒಂದೇ ವರ್ಷದಲ್ಲಿ ಎರಡು ಪಟ್ಟು ಮರಳುತ್ತದೆಂದು ಭಾವಿಸಿ ಕೊಂಡವರನ್ನು ನಾನು ಬಲ್ಲೆ. ಇಳುವರಿಯನ್ನು ತಿಳಿಯಲು ಈ ಅಂಕಿ ಯಾವ ಕೆಲಸಕ್ಕೂ ಬಾರದು. ಆದರೆ ಷೇರು ವಿಭಜನೆಯಾದ ಸಂದರ್ಭದಲ್ಲಿ ಮಾತ್ರ ಅದು ಅನಿರೀಕ್ಷಿತವಾಗಿ ನೆರವಿಗೆ ಬರುತ್ತದೆ: ಮುಖಬೆಲೆ ಇಳಿದಷ್ಟೇ ಪ್ರಮಾಣದಲ್ಲಿ ಲಾಭಾಂಶದ ರೂಪಾಯಿಯೂ ಇಳಿಯುವುದರಿಂದ, ಕೆನರಾ ಬ್ಯಾಂಕಿನ ಶೇ. 120, ಶೇ. 161, ಶೇ. 200 ಎಂಬ ಸಾಲು ನಿಜವಾದ ಏರಿಕೆಯನ್ನು ಯಾವ ತಿದ್ದುಪಡಿಯೂ ಇಲ್ಲದೆ ತೋರಿಸಿಬಿಡುತ್ತದೆ.

ಬೋನಸ್ ಷೇರಿನಲ್ಲಿ ಈ ಉಪಾಯ ಕೆಲಸ ಮಾಡುವುದಿಲ್ಲ, ಏಕೆಂದರೆ ಅಲ್ಲಿ ಮುಖಬೆಲೆ ಬದಲಾಗುವುದೇ ಇಲ್ಲ. ಷೇರುಗಳ ಸಂಖ್ಯೆ ಮಾತ್ರ ಹೆಚ್ಚುತ್ತದೆ. ಬೆಂಗಳೂರಿನ ಇನ್ಫೋಸಿಸ್ ಇದಕ್ಕೆ ಒಳ್ಳೆಯ ನಿದರ್ಶನ. 2013-14ನೇ ಸಾಲಿಗೆ ಅದು ಮಧ್ಯಂತರವಾಗಿ 20, ಅಂತಿಮವಾಗಿ 43, ಒಟ್ಟು 63 ರೂಪಾಯಿ ಲಾಭಾಂಶ ಕೊಟ್ಟಿತು. 2023-24ಕ್ಕೆ ಕೊಟ್ಟದ್ದು ಮಧ್ಯಂತರ 18, ಅಂತಿಮ 20, ವಿಶೇಷ 8, ಒಟ್ಟು 46. ಎರಡೂ ವರ್ಷ ಮುಖಬೆಲೆ 5 ರೂಪಾಯಿಯೇ. ಹಾಗಾದರೆ ಹತ್ತು ವರ್ಷಗಳಲ್ಲಿ ಲಾಭಾಂಶ ಕಡಿಮೆಯಾಯಿತೇ? ನಡುವೆ 2014ರ ಡಿಸೆಂಬರ್, 2015ರ ಜೂನ್ ಮತ್ತು 2018ರ ಸೆಪ್ಟೆಂಬರ್‌ನಲ್ಲಿ ಮೂರು ಸಲ ಒಂದಕ್ಕೊಂದು ಬೋನಸ್ ಬಂದಿದೆ. ಅಂದು ಒಂದು ಷೇರು ಇದ್ದವರ ಬಳಿ ಇಂದು ಎಂಟು ಷೇರುಗಳಿವೆ. 63ನ್ನು ಎಂಟರಿಂದ ಭಾಗಿಸಿದರೆ 7.875. ಆ ಅಂಕಿಯ ಪಕ್ಕದಲ್ಲಿ 46ನ್ನು ಇಟ್ಟರೆ ಲಾಭಾಂಶ ಸುಮಾರು ಆರು ಪಟ್ಟು ಹೆಚ್ಚಿದ್ದು ಕಾಣುತ್ತದೆ.

ತಿದ್ದುವ ಕ್ರಮ ಹೀಗೆ: ಹಾಳೆಯಲ್ಲಿ ಪ್ರತಿ ವಿಭಜನೆ ಮತ್ತು ಬೋನಸ್‌ನ ದಿನಾಂಕದಲ್ಲಿ ಒಂದು ಅಡ್ಡಗೆರೆ ಎಳೆಯಬೇಕು, ಆ ಗೆರೆಗಿಂತ ಹಿಂದಿನ ಎಲ್ಲ ಲಾಭಾಂಶಗಳನ್ನೂ ಒಂದು ಹಳೆಯ ಷೇರು ಎಷ್ಟು ಷೇರಾಯಿತೋ ಅಷ್ಟರಿಂದ ಭಾಗಿಸಬೇಕು. ಒಂದಕ್ಕೊಂದು ಬೋನಸ್ ಎಂದರೆ ಭಾಜಕ ಎರಡು, ಒಂದಲ್ಲ. ಎರಡು ಷೇರಿಗೆ ಒಂದು ಬೋನಸ್ ಎಂದರೆ ಒಂದೂವರೆ. ಬೋನಸ್ ಘೋಷಣೆಯಾದ ದಿನವನ್ನು ಗೆರೆಯ ದಿನವೆಂದು ಹಿಡಿಯಬಾರದು. ಬೋನಸ್‌ನ ಎಕ್ಸ್ ಡೇಟ್ ಯಾವುದು ಎಂಬುದೇ ಮುಖ್ಯ, ಲಾಭಾಂಶದ ಎಕ್ಸ್ ಡೇಟ್ ಅದಕ್ಕಿಂತ ಮುಂಚಿನದೋ ನಂತರದ್ದೋ ಎಂಬುದಷ್ಟೇ ತೀರ್ಮಾನವಾಗಬೇಕಾದ ವಿಷಯ.

ಒಂದು ಕಂತಿನಷ್ಟು ವ್ಯತ್ಯಾಸ: ಅವಧಿಯ ಗಡಿ

ಎರಡನೆಯ ದೋಷ ಇನ್ನೂ ಸೂಕ್ಷ್ಮವಾದದ್ದು, ಏಕೆಂದರೆ ಇದರಲ್ಲಿ ಪ್ರತಿಯೊಂದು ಅಂಕಿಯೂ ಸರಿಯಾಗಿರುತ್ತದೆ. ಮತ್ತೆ ಇನ್ಫೋಸಿಸ್‌ನ್ನೇ ನೋಡೋಣ. 2023-24ರ ಅಂತಿಮ ಮತ್ತು ವಿಶೇಷ ಲಾಭಾಂಶ ಸೇರಿ 28 ರೂಪಾಯಿ. ರೆಕಾರ್ಡ್ ಡೇಟ್ 2024ರ ಮೇ 31. 2024-25ರ ಮಧ್ಯಂತರ 21 ರೂಪಾಯಿ. ರೆಕಾರ್ಡ್ ಡೇಟ್ ಅಕ್ಟೋಬರ್ 29. 2024-25ರ ಅಂತಿಮ 22 ರೂಪಾಯಿ; ರೆಕಾರ್ಡ್ ಡೇಟ್ 2025ರ ಮೇ 30. ಈಗ 2025ರ ಮೇ 30ರಂದು ‘ಕಳೆದ ಹನ್ನೆರಡು ತಿಂಗಳ ಲಾಭಾಂಶ’ ಎಷ್ಟೆಂದು ಒಂದು ತಂತ್ರಾಂಶವನ್ನು ಕೇಳಿದರೆ, ಅದು 2024ರ ಮೇ 31ರಿಂದ ಆರಂಭಿಸಿ ಸರಿಯಾಗಿ 365 ದಿನಗಳನ್ನು ಎಣಿಸಿ, ಮೂರೂ ಕಂತುಗಳನ್ನು ಕೂಡಿಸಿ 71 ರೂಪಾಯಿ ಎನ್ನುತ್ತದೆ. ಆ ದಿನ ಷೇರು 1,560 ರೂಪಾಯಿಯ ಆಸುಪಾಸಿನಲ್ಲಿತ್ತು. 71ರ ಲೆಕ್ಕದಲ್ಲಿ ಇಳುವರಿ ಶೇ. 4.5ಕ್ಕಿಂತ ಹೆಚ್ಚು, ಒಂದು ಹಣಕಾಸು ವರ್ಷಕ್ಕೆ ಸೇರಿದ 43 ರೂಪಾಯಿಯ ಲೆಕ್ಕದಲ್ಲಿ ಶೇ. 2.8ರ ಒಳಗೆ. ಎರಡು ವರ್ಷಗಳ ಅಂತಿಮ ಲಾಭಾಂಶಗಳು ಒಂದೇ ಹನ್ನೆರಡು ತಿಂಗಳ ಕಿಟಕಿಯೊಳಗೆ ನುಸುಳಿದ್ದವು. ಕೆಲವೇ ದಿನ ಕಳೆದ ಮೇಲೆ ಅದೇ ತಂತ್ರಾಂಶ ಯಾರೂ ತಿದ್ದದೆಯೇ ಸರಿಯಾದ ಅಂಕಿಗೆ ಮರಳುತ್ತದೆ. ಆದ್ದರಿಂದಲೇ ಈ ದೋಷ ಇಂದು ಕಂಡು ನಾಳೆ ಮಾಯವಾಗಿ ದೂರು ಕೊಟ್ಟವರನ್ನೇ ಪೆದ್ದರನ್ನಾಗಿಸುತ್ತದೆ.

ಇದರ ವಿರುದ್ಧ ದಿಕ್ಕಿನ ದೋಷವೂ ಇದೆ. ಈ ವರ್ಷದ ಎಕ್ಸ್ ಡೇಟ್ ಕಳೆದ ವರ್ಷಕ್ಕಿಂತ ಒಂದು ವಾರ ತಡವಾದರೆ, ಆ ಒಂದು ವಾರದ ಕಾಲ ಹಳೆಯ ಕಂತು ಕಿಟಕಿಯಿಂದ ಹೊರಬಿದ್ದು ಹೊಸದು ಇನ್ನೂ ಒಳಬರದೆ ಇಳುವರಿ ಅರ್ಧಕ್ಕೆ ಇಳಿದಂತೆ ಕಾಣುತ್ತದೆ. ವರ್ಷಕ್ಕೆ ಒಂದೇ ಸಲ ಲಾಭಾಂಶ ಕೊಡುವ ಬ್ಯಾಂಕುಗಳಲ್ಲಿ ಅದು ಸೊನ್ನೆಯನ್ನೇ ಮುಟ್ಟಬಹುದು.

ಇದಕ್ಕೆ ಹತ್ತಿರದ ಇನ್ನೊಂದು ಗೊಂದಲವೆಂದರೆ ‘ಆ ವರ್ಷಕ್ಕಾಗಿ ಕೊಟ್ಟದ್ದು’ ಮತ್ತು ‘ಆ ವರ್ಷದಲ್ಲಿ ಕೊಟ್ಟದ್ದು’ ಎಂಬ ಎರಡು ಲೆಕ್ಕಗಳು ಬೆರೆಯುವುದು. ಅಂತಿಮ ಲಾಭಾಂಶವನ್ನು ಮಾರ್ಚ್‌ಗೆ ಮುಗಿದ ವರ್ಷದ ಲಾಭದಿಂದ ಕೊಟ್ಟರೂ, ಷೇರುದಾರರ ವಾರ್ಷಿಕ ಮಹಾಸಭೆ ಒಪ್ಪಿದ ಮೇಲೆಯೇ ಅದು ಕೈಸೇರುವುದರಿಂದ ಪಾವತಿ ಮುಂದಿನ ಹಣಕಾಸು ವರ್ಷದಲ್ಲಿ ಬೀಳುತ್ತದೆ. ಮೇಲಿನ ಅಂಕಿಗಳಲ್ಲಿಯೇ 2024-25ಕ್ಕಾಗಿ ಕೊಟ್ಟದ್ದು 21 ಮತ್ತು 22 ಸೇರಿ 43. 2024-25ರೊಳಗೆ ಕೈಗೆ ಬಂದದ್ದು 28 ಮತ್ತು 21 ಸೇರಿ 49. ಒಂದು ತಾಣ 43 ಎಂದೂ ಇನ್ನೊಂದು 49 ಎಂದೂ ತೋರಿಸಿದರೆ ಎರಡೂ ಸರಿ. ಕಂಪನಿಯ ನಡವಳಿಕೆಯನ್ನು ಅರಿಯಲು ಮೊದಲನೆಯ ಲೆಕ್ಕ ಬೇಕು, ಆದಾಯ ತೆರಿಗೆ ವಿವರ ಸಲ್ಲಿಸಲು ಎರಡನೆಯದು ಬೇಕು. ನನ್ನ ಅಭಿಪ್ರಾಯದಲ್ಲಿ ಇತಿಹಾಸದ ಹಾಳೆಯಲ್ಲಿ ಒಂದು ಕಾಲಂ ಹೆಚ್ಚಾದರೂ ಚಿಂತೆಯಿಲ್ಲ, ಎರಡನ್ನೂ ಬರೆದಿಡುವುದೇ ಲೇಸು.

ಲೆಕ್ಕ ಸರಿ, ಆದರೂ ಅಂಕಿ ದೊಡ್ಡದು

ಇಲ್ಲಿಯವರೆಗಿನ ಪರೀಕ್ಷೆಗಳನ್ನು ದಾಟಿಯೂ ಇಳುವರಿ ಅಸಹಜವಾಗಿ ಕಂಡರೆ ಪಾವತಿಗಳ ಸ್ವರೂಪವನ್ನು ಬೇರ್ಪಡಿಸಬೇಕು. ಟಿಸಿಎಸ್ ಮೂರು ಸಾಲುಗಳಲ್ಲಿ, 2022-23ರಿಂದ 2024-25ರವರೆಗೆ, ಪ್ರತಿ ಷೇರಿಗೆ ಕ್ರಮವಾಗಿ 115, 73, 126 ರೂಪಾಯಿ ಕೊಟ್ಟಿತು. ಒಂದು ವರ್ಷ ಏರಿ, ಒಂದು ವರ್ಷ ಇಳಿದು, ಮತ್ತೆ ಏರಿದ ಈ ಸಾಲು ನಂಬಿಕೆಗೆ ಅರ್ಹವಲ್ಲದ ಕಂಪನಿಯ ಚಿತ್ರವನ್ನು ಕೊಡುತ್ತದೆ. ಈ ಮೊತ್ತಗಳೊಳಗೆ ವಿಶೇಷ ಲಾಭಾಂಶವಾಗಿ ಕ್ರಮವಾಗಿ 67, 18, 66 ರೂಪಾಯಿ ಸೇರಿವೆ. ಅವನ್ನು ತೆಗೆದರೆ ಉಳಿಯುವುದು 48, 55, 60: ಏರಿಳಿತವೆಲ್ಲ ವಿಶೇಷದ್ದು, ಕ್ರಮಬದ್ಧವಾದ ಏರಿಕೆ ಸಾಮಾನ್ಯ ಲಾಭಾಂಶದ್ದು. ವಿಶೇಷ ಲಾಭಾಂಶವನ್ನು ಬಂದದ್ದಿಲ್ಲವೆಂದು ಅಳಿಸಿಹಾಕುವುದು ಸರಿಯಲ್ಲ, ಅದೂ ಹಣವೇ. ಆದರೆ ಮುಂದಿನ ವರ್ಷದ ಅಂದಾಜಿನಲ್ಲಿ ಅದನ್ನು ಸೇರಿಸಿಕೊಳ್ಳುವುದು ಒಮ್ಮೆ ಸುರಿದ ಅಕಾಲಿಕ ಮಳೆಯನ್ನು ನಂಬಿ ಬಿತ್ತನೆ ಮಾಡಿದಂತೆ. ಮೂರನೆಯ ತ್ರೈಮಾಸಿಕದ ಕಂತಿನಲ್ಲಿ ವಿಶೇಷ ಮತ್ತು ಮಧ್ಯಂತರ ಎರಡೂ ಕೂಡಿಕೊಂಡು ಒಂದೇ ಮೊತ್ತವಾಗಿ ಖಾತೆಗೆ ಬಂದಿರುವುದರಿಂದ, ಬ್ಯಾಂಕ್ ಪಾಸ್‌ಬುಕ್ ನೋಡಿ ಇವನ್ನು ಬೇರ್ಪಡಿಸಲಾಗದು. ಷೇರುಪೇಟೆಗೆ ಕಂಪನಿ ಸಲ್ಲಿಸಿದ ಪ್ರಕಟಣೆಯನ್ನೇ ತೆಗೆದು ನೋಡಬೇಕು.

‘ವಿಶೇಷ’ ಎಂಬ ಹಣೆಪಟ್ಟಿಯಿಲ್ಲದೆ, ‘ಮಧ್ಯಂತರ’ ಎಂಬ ಹೆಸರಿನಲ್ಲಿಯೇ ಬರುವ ಬೃಹತ್ ಲಾಭಾಂಶಗಳು ಇನ್ನೂ ಹೆಚ್ಚು ಮೋಸಗೊಳಿಸುತ್ತವೆ. ಹಿಂದೂಸ್ತಾನ್ ಜಿಂಕ್ 2022-23ರಲ್ಲಿ ನಾಲ್ಕು ಮಧ್ಯಂತರ ಕಂತುಗಳಲ್ಲಿ 21, 15.50, 13, 26 ಎಂದು ಒಟ್ಟು 75.50 ರೂಪಾಯಿ ಹಂಚಿತು. ಕಂಪನಿಯ ಸುಮಾರು 422.5 ಕೋಟಿ ಷೇರುಗಳಿಗೆ ಇದು 31,900 ಕೋಟಿ ರೂಪಾಯಿ. ಆ ವರ್ಷದ ನಿವ್ವಳ ಲಾಭ ಸುಮಾರು 10,500 ಕೋಟಿ. ಗಳಿಸಿದ್ದರ ಮೂರು ಪಟ್ಟನ್ನು ಹಂಚಲು ಸಾಧ್ಯವಾದದ್ದು ಹಿಂದಿನ ವರ್ಷಗಳಲ್ಲಿ ಕೂಡಿಟ್ಟ ನಿಧಿಯಿಂದ; ಹಿಂದಿನ ವರ್ಷಗಳ ಹಂಚದೆ ಉಳಿದ ಲಾಭದಿಂದ ಲಾಭಾಂಶ ಕೊಡಲು ಕಂಪನಿ ಕಾಯ್ದೆ ಅವಕಾಶ ಕೊಡುತ್ತದೆ, ಆದ್ದರಿಂದ ಇದರಲ್ಲಿ ನಿಯಮಬಾಹಿರವಾದದ್ದು ಏನೂ ಇಲ್ಲ. ಆ ಹೊತ್ತಿನಲ್ಲಿ ಶೇ. 64.92ರಷ್ಟು ಷೇರುಗಳು ಮಾತೃಸಂಸ್ಥೆ ವೇದಾಂತದ ಕೈಯಲ್ಲಿ, ಶೇ. 29.54ರಷ್ಟು ಕೇಂದ್ರ ಸರ್ಕಾರದ ಕೈಯಲ್ಲಿ ಇದ್ದವು ಎಂಬುದನ್ನು ಗಮನಿಸಿದರೆ ಹಂಚಿದ ಹಣ ಎಲ್ಲಿಗೆ ಹರಿಯಿತು ಎಂಬುದು ತಾನಾಗಿಯೇ ತಿಳಿಯುತ್ತದೆ. 2023ರ ಮಾರ್ಚ್ ಕೊನೆಯಲ್ಲಿ 300 ರೂಪಾಯಿಯ ಆಸುಪಾಸಿನಲ್ಲಿದ್ದ ಈ ಷೇರಿನ ಇಳುವರಿ ಪರದೆಯ ಮೇಲೆ ಶೇ. 25 ಎಂದು ಹೊಳೆಯುತ್ತಿತ್ತು. ಅದನ್ನು ನಂಬಿ ಕೊಂಡವರಿಗೆ ಮುಂದಿನ ಸಾಲಿನಲ್ಲಿ ಸಿಕ್ಕಿದ್ದು 13 ರೂಪಾಯಿ, ಎಂದರೆ ಶೇ. 4ರ ಮೇಲೆ ಚೂರು.

ಈ ದೋಷಕ್ಕೆ ಪರೀಕ್ಷೆ ಒಂದೇ: ಪ್ರತಿ ಷೇರಿನ ಲಾಭಾಂಶವನ್ನು ಪ್ರತಿ ಷೇರಿನ ಗಳಿಕೆಯಿಂದ ಭಾಗಿಸುವುದು. ಫಲಿತಾಂಶ ಒಂದಕ್ಕಿಂತ ಹೆಚ್ಚಾದರೆ ಆ ಲಾಭಾಂಶ ಆ ವರ್ಷದ ಗಳಿಕೆಯಿಂದ ಪೂರ್ತಿಯಾಗಿ ಬಂದದ್ದಲ್ಲ, ಗೋದಾಮಿನಿಂದ ತೆಗೆದದ್ದು. ಗೋದಾಮಿನಲ್ಲಿ ಇನ್ನೆಷ್ಟು ಉಳಿದಿದೆಯೆಂದು ನೋಡದೆ ಮುಂದಿನ ವರ್ಷದ ಲೆಕ್ಕ ಹಾಕಬಾರದು. ಕಂಪನಿಯ ಘೋಷಿತ ನೀತಿಯನ್ನೂ ಇದರೊಂದಿಗೆ ಓದಿಕೊಳ್ಳಬೇಕು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನಗಳಲ್ಲಿರುವ ನೋಂದಾಯಿತ ಕಂಪನಿಗಳು ಲಾಭಾಂಶ ಹಂಚಿಕೆಯ ನೀತಿಯನ್ನು ಪ್ರಕಟಿಸಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ನಿಯಮ ವಿಧಿಸಿದೆ. ಕೇಂದ್ರ ಸರ್ಕಾರದ ಉದ್ಯಮಗಳಿಗಾದರೆ ನಿವ್ವಳ ಲಾಭದ ಶೇ. 30 ಅಥವಾ ನಿವ್ವಳ ಮೌಲ್ಯದ (ಆಸ್ತಿಯಿಂದ ಸಾಲ ಕಳೆದು ಉಳಿಯುವ ಮೊತ್ತದ) ಶೇ. 4, ಇವೆರಡರಲ್ಲಿ ಹೆಚ್ಚಿನದನ್ನು ಕನಿಷ್ಠ ಲಾಭಾಂಶವಾಗಿ ಕೊಡಬೇಕೆಂಬ ಮಾರ್ಗಸೂಚಿ 2024ರ ನವೆಂಬರ್‌ನಲ್ಲಿ ಪರಿಷ್ಕೃತವಾಗಿ ಬಂದಿದೆ. ಮೊದಲು ಎರಡನೆಯ ಮಿತಿ ಶೇ. 5 ಇತ್ತು.

ಛೇದದಲ್ಲಿರುವ ದೋಷ

ಬೆಲೆ ಕುಸಿದಾಗ ಇಳುವರಿ ಏರುತ್ತದೆ. 200 ರೂಪಾಯಿಯ ಷೇರಿಗೆ 8 ರೂಪಾಯಿ ಬಂದರೆ ಶೇ. 4, ಷೇರು 100ಕ್ಕೆ ಬಿದ್ದರೆ ಅದೇ 8 ರೂಪಾಯಿ ಶೇ. 8 ಆಗುತ್ತದೆ, ಕಂಪನಿ ಒಂದು ಪೈಸೆಯನ್ನೂ ಹೆಚ್ಚಿಸದೆ. ಇದು ಯಂತ್ರದ ದೋಷವಲ್ಲ; ಬೆಲೆ ಯಾಕೆ ಬಿತ್ತು ಎಂಬ ಪ್ರಶ್ನೆಯನ್ನು ಮುಚ್ಚಿಡುವ ಮುಸುಕು ಮಾತ್ರ.

ನಿಜವಾದ ದೋಷ ಕಾಣಿಸುವುದು ಹಳೆಯ ವರ್ಷಗಳ ಇಳುವರಿಯನ್ನು ಲೆಕ್ಕ ಹಾಕುವಾಗ. ಬೆಲೆಯ ನಕ್ಷೆ ತೋರಿಸುವ ತಂತ್ರಾಂಶಗಳು ಹಳೆಯ ಬೆಲೆಗಳನ್ನು ವಿಭಜನೆ ಮತ್ತು ಬೋನಸ್‌ಗೆ ತಕ್ಕಂತೆ ಇಳಿಸಿಯೇ ತೋರಿಸುತ್ತವೆ; ಕೆಲವು ಲಾಭಾಂಶಕ್ಕಾಗಿಯೂ ಇಳಿಸುತ್ತವೆ. ಆದರೆ ಷೇರುಪೇಟೆಯ ಲಾಭಾಂಶ ದಾಖಲೆ ಅಂದಿನ ಮೊತ್ತವನ್ನೇ ತೋರಿಸುತ್ತದೆ. 2014ರ ಮಾರ್ಚ್ ಕೊನೆಯಲ್ಲಿ ಇನ್ಫೋಸಿಸ್ ಷೇರಿನ ಬೆಲೆ ಸುಮಾರು 3,280 ರೂಪಾಯಿ. ಇಂದಿನ ನಕ್ಷೆಯಲ್ಲಿ ಮೂರು ಬೋನಸ್‌ಗಳ ನಂತರ ಅದು ಸುಮಾರು 410 ಎಂದು ಕಾಣುತ್ತದೆ. ಅಂದಿನ 63ನ್ನು ಅಂದಿನ 3,280ರಿಂದ ಭಾಗಿಸಿದರೂ, ಇಳಿಸಿದ 7.875ನ್ನು ಇಳಿಸಿದ 410ರಿಂದ ಭಾಗಿಸಿದರೂ ಶೇ. 1.9 ಬರುತ್ತದೆ. ಅಂದಿನ 63ನ್ನು ನಕ್ಷೆಯ 410ರಿಂದ ಭಾಗಿಸಿದರೆ ಶೇ. 15 ದಾಟುತ್ತದೆ, ಅನುಪಾತ ಮತ್ತೆ ಎಂಟು. ಲಾಭಾಂಶಕ್ಕಾಗಿಯೂ ಇಳಿಸಿದ ಬೆಲೆಯನ್ನು ಬಳಸಿದರೆ ಅನುಪಾತ ಪೂರ್ಣಸಂಖ್ಯೆಯಾಗಿರುವುದಿಲ್ಲ, ಹಿಂದೆ ಹೋದಂತೆ ಸ್ವಲ್ಪ ಸ್ವಲ್ಪವೇ ಹೆಚ್ಚುತ್ತ ಹೋಗುತ್ತದೆ. ಇಂಥ ನಿಧಾನವಾದ ಜಾರುವಿಕೆ ಕಂಡಲ್ಲಿ ನಕ್ಷೆಯ ಹೊಂದಾಣಿಕೆಯನ್ನು ನಿಲ್ಲಿಸಿ ಅಂದಿನ ಮುಕ್ತಾಯದ ಬೆಲೆಯನ್ನೇ ಬಳಸಬೇಕು.

ಹಳೆಯ ಹೂಡಿಕೆದಾರರು ಹೇಳುವ ಇಳುವರಿ ನಿಮ್ಮದಕ್ಕಿಂತ ಬಹಳ ಹೆಚ್ಚಿದ್ದರೆ ಅವರು ಭಾಗಿಸಿರುವುದು ತಾವು ಕೊಂಡ ಬೆಲೆಯಿಂದ. 410ಕ್ಕೆ ಕೊಂಡವರಿಗೆ 43 ರೂಪಾಯಿ ಶೇ. 10.5. ಅವರ ಸಂತೋಷಕ್ಕೆ ಅದು ಸರಿ; ಇಂದು ಕೊಳ್ಳುವವರಿಗೆ ಸಂಬಂಧವಿಲ್ಲ.

ಇತಿಹಾಸದಲ್ಲಿನ ಖಾಲಿ ಜಾಗ ಮತ್ತು ಹಠಾತ್ ತಿರುವು

ಸಾಲಿನ ನಡುವೆ ಒಂದು ವರ್ಷ ಸೊನ್ನೆಯಿದ್ದರೆ ಅದು ಮಾಹಿತಿಯ ಲೋಪವೋ, ಕಂಪನಿಯ ದುಃಸ್ಥಿತಿಯೋ, ಮೇಲಿನವರ ಆದೇಶವೋ ಎಂದು ವಿಚಾರಿಸಬೇಕು. ಬ್ಯಾಂಕುಗಳ ವಿಷಯದಲ್ಲಿ 2019-20ರ ಸೊನ್ನೆಗೆ ಬ್ಯಾಂಕುಗಳನ್ನು ದೂಷಿಸುವಂತಿಲ್ಲ: ಕೋವಿಡ್ ಕಾಲದಲ್ಲಿ ಬಂಡವಾಳ ಉಳಿಸಿಕೊಳ್ಳಲೆಂದು ಆ ಸಾಲಿನ ಲಾಭದಿಂದ ಲಾಭಾಂಶ ಕೊಡಬಾರದೆಂದು ರಿಸರ್ವ್ ಬ್ಯಾಂಕ್ 2020ರ ಏಪ್ರಿಲ್‌ನಲ್ಲಿ ಸೂಚಿಸಿ, ಡಿಸೆಂಬರ್ 4ರಂದು ಅದನ್ನೇ ಮುಂದುವರಿಸಿತು. ವ್ಯವಹಾರದ ಒಂದು ಭಾಗವನ್ನು ಬೇರೆ ಕಂಪನಿಯಾಗಿ ಒಡೆದಾಗಲೂ ಸಾಲು ತಿರುವು ಪಡೆಯುತ್ತದೆ. 2025ರ ಜನವರಿಯಲ್ಲಿ ಐಟಿಸಿಯಿಂದ ಹೋಟೆಲ್ ವ್ಯವಹಾರ ಬೇರ್ಪಟ್ಟಾಗ ಷೇರಿನ ಬೆಲೆ ಆ ಮೌಲ್ಯದಷ್ಟು ಇಳಿಯಿತು, ಹಿಂದಿನ ಲಾಭಾಂಶಗಳು ಮಾತ್ರ ಹಾಗೆಯೇ ಉಳಿದವು. ಷೇರು ಮರುಖರೀದಿಯ ಮೂಲಕ ಹಿಂದಿರುಗಿಸಿದ ಹಣವೂ ಇಳುವರಿಯ ಅಂಕಿಯಲ್ಲಿ ಕಾಣಿಸುವುದಿಲ್ಲ.

2020ರ ಏಪ್ರಿಲ್ 1ರಂದು ತೆರಿಗೆಯ ಪದ್ಧತಿ ಬದಲಾಯಿತು. ಅಲ್ಲಿಯವರೆಗೆ ಲಾಭಾಂಶ ವಿತರಣೆಯ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು; ಅನಂತರ ಲಾಭಾಂಶ ಷೇರುದಾರರ ಆದಾಯಕ್ಕೆ ಸೇರಿ ಅವರವರ ತೆರಿಗೆ ದರಕ್ಕೆ ಒಳಪಟ್ಟಿತು. ಆದ್ದರಿಂದ ಆ ಗಡಿಯ ಎರಡು ಬದಿಯ ರೂಪಾಯಿಗಳು ಕೈಯಲ್ಲಿ ಉಳಿಯುವ ಮಟ್ಟಿಗೆ ಒಂದೇ ತೂಕದವಲ್ಲ.

ಇಳುವರಿ ಸರಿ, ಹಣ ಬಂದಿಲ್ಲ ಅಥವಾ ಕಡಿಮೆ ಬಂದಿದೆ

ಕಡಿಮೆ ಬಂದಿದ್ದರೆ ಮೊದಲು ಟಿಡಿಎಸ್ (ಹಣ ಕೊಡುವ ಮುನ್ನವೇ ಮೂಲದಲ್ಲಿ ಕಡಿತವಾಗುವ ತೆರಿಗೆ) ನೋಡಬೇಕು. ಒಂದು ಕಂಪನಿಯಿಂದ ಹಣಕಾಸು ವರ್ಷದಲ್ಲಿ ಬರುವ ಲಾಭಾಂಶ 10,000 ರೂಪಾಯಿ ದಾಟಿದರೆ ಭಾರತದಲ್ಲಿ ವಾಸಿಸುವ ಷೇರುದಾರರಿಗೆ ಶೇ. 10 ಕಡಿತವಾಗುತ್ತದೆ, 2025ರ ಏಪ್ರಿಲ್ 1ಕ್ಕೆ ಮೊದಲು ಈ ಮಿತಿ 5,000 ಇತ್ತು. ಪ್ಯಾನ್ ಸರಿಯಾಗಿ ಜೋಡಣೆಯಾಗಿರದಿದ್ದರೆ ಕಡಿತ ಶೇ. 20ಕ್ಕೆ ಏರುತ್ತದೆ. 500 ಷೇರಿಗೆ 22 ರೂಪಾಯಿಯಂತೆ 11,000 ಬರಬೇಕಾದಲ್ಲಿ 9,900 ಬಂದಿದ್ದರೆ ಲೆಕ್ಕ ಸರಿಯಾಗಿದೆ: ಕಡಿತ ಬೀಳುವುದು ಮಿತಿ ಮೀರಿದ 1,000ದ ಮೇಲಲ್ಲ, ಪೂರ್ತಿ 11,000ದ ಮೇಲೆ. ಕಡಿತವಾದ ಹಣ ನಿಮ್ಮ ಹೆಸರಿನಲ್ಲಿ ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಕಾಣಬೇಕು.

ಏನೂ ಬಂದಿಲ್ಲವಾದರೆ ಕೊಂಡ ದಿನವನ್ನು ಎಕ್ಸ್ ಡೇಟ್ ಜೊತೆ ಹೋಲಿಸಬೇಕು. 2023ರ ಜನವರಿ 27ರಿಂದ ಎಲ್ಲ ಷೇರುಗಳ ವ್ಯವಹಾರ ಮರುದಿನವೇ ಚುಕ್ತಾ ಆಗುತ್ತಿರುವುದರಿಂದ ಈಗ ಎಕ್ಸ್ ಡೇಟ್ ಮತ್ತು ರೆಕಾರ್ಡ್ ಡೇಟ್ ಸಾಮಾನ್ಯವಾಗಿ ಒಂದೇ ದಿನ. ಆ ದಿನ ಕೊಂಡವರಿಗೆ ಲಾಭಾಂಶವಿಲ್ಲ, ಅದರ ಹಿಂದಿನ ವಹಿವಾಟಿನ ದಿನ ಕೊಂಡವರಿಗೆ ಇದೆ; ಹಿಂದೆ ಎರಡು ದಿನಗಳ ಅಂತರವಿದ್ದಾಗಿನ ರೂಢಿಯಲ್ಲಿ ಎಣಿಸಿದವರು ಇಲ್ಲಿ ಎಡವುತ್ತಾರೆ.

ದಿನಾಂಕವೂ ಸರಿಯಿದ್ದರೆ ಕಾಯಬೇಕಾದ ಅವಧಿ ಘೋಷಣೆಯಿಂದ 30 ದಿನ. ಅಂತಿಮ ಲಾಭಾಂಶಕ್ಕೆ ಘೋಷಣೆಯ ದಿನವೆಂದರೆ ಮಹಾಸಭೆ ಒಪ್ಪಿದ ದಿನ, ಆಡಳಿತ ಮಂಡಳಿ ಶಿಫಾರಸು ಮಾಡಿದ ದಿನವಲ್ಲ. ಅಷ್ಟರೊಳಗೆ ಬರದಿದ್ದರೆ ಡಿಮ್ಯಾಟ್ ಖಾತೆಗೆ (ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಡುವ ಖಾತೆ) ಜೋಡಿಸಿದ ಬ್ಯಾಂಕ್ ಖಾತೆ ಚಾಲ್ತಿಯಲ್ಲಿದೆಯೇ, ಬ್ಯಾಂಕುಗಳ ವಿಲೀನದಿಂದ ಐಎಫ್‌ಎಸ್‌ಸಿ ಸಂಕೇತ ಬದಲಾಗಿದೆಯೇ ಎಂದು ನೋಡಬೇಕು. ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ 2020ರ ಏಪ್ರಿಲ್‌ನಲ್ಲಿ ಸೇರಿದ್ದರಿಂದ ಕರಾವಳಿಯ ಹಳೆಯ ಖಾತೆಗಳಲ್ಲಿ ಇದನ್ನು ವಿಶೇಷವಾಗಿ ಪರಿಶೀಲಿಸಬೇಕು. ಖಾತೆಯ ವಿವರವನ್ನು ಡಿಮ್ಯಾಟ್ ಖಾತೆಯಲ್ಲಿ ತಿದ್ದಿಸಿ, ಕಂಪನಿಯ ಷೇರು ನೋಂದಣಿ ಸಂಸ್ಥೆಗೆ ಬರೆದರೆ ಬಾಕಿ ಹಣವನ್ನು ಮತ್ತೆ ಕಳುಹಿಸುತ್ತಾರೆ.

ಯಾರೂ ಕೇಳದ ಹಣವನ್ನು ಕಂಪನಿ ಪಾವತಿಯಾಗದ ಲಾಭಾಂಶದ ಪ್ರತ್ಯೇಕ ಖಾತೆಯಲ್ಲಿ ಇಡುತ್ತದೆ. ಏಳು ವರ್ಷ ಕಳೆದರೆ ಅದು ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ (ಐಇಪಿಎಫ್) ಹೋಗುತ್ತದೆ. ಏಳು ವರ್ಷ ಸತತವಾಗಿ ಲಾಭಾಂಶ ಪಡೆಯದ ಷೇರುಗಳೂ ಆ ನಿಧಿಗೆ ವರ್ಗವಾಗುತ್ತವೆ. ತಂದೆಯ ಅಥವಾ ಅಜ್ಜನ ಕಾಲದ ಕಾಗದದ ಷೇರುಪತ್ರ ಪೆಟ್ಟಿಗೆಯಲ್ಲಿದ್ದು, ಕಂಪನಿ ಪ್ರತಿವರ್ಷ ತಪ್ಪದೆ ಲಾಭಾಂಶ ಕೊಟ್ಟಿದೆಯೆಂದು ದಾಖಲೆ ಹೇಳುತ್ತಿದ್ದರೂ ಮನೆಗೆ ಏನೂ ಬಾರದಿರುವುದಕ್ಕೆ ಬಹಳ ಸಲ ಇದೇ ಕಾರಣ: ವರ್ಗಾವಣೆಯ ನಂತರ ಆ ಷೇರುಗಳ ಲಾಭಾಂಶವೂ ನಿಧಿಗೇ ಜಮೆಯಾಗುತ್ತಿರುತ್ತದೆ. ನಿಧಿಯ ತಾಣದಲ್ಲಿ ಹೆಸರು ಹುಡುಕಿ, ಕಂಪನಿಯಿಂದ ಅರ್ಹತಾ ಪತ್ರ ಪಡೆದು, ಐಇಪಿಎಫ್-5 ನಮೂನೆಯಲ್ಲಿ ಕೋರಿಕೆ ಸಲ್ಲಿಸಿದರೆ ಷೇರು ಮತ್ತು ಕೂಡಿಕೊಂಡ ಲಾಭಾಂಶ ಎರಡನ್ನೂ ಮರಳಿ ಪಡೆಯಬಹುದು.